ಡೆಸ್ಕ್‌ಟಾಪ್ ಸಪೋರ್ಟ್: ಕೆಲಸ ಹಿಡಿಯುವುದು ಹೇಗೆ, ಹಿಡಿದ ಮೇಲೆ ಮೇಲೇರುವುದು ಹೇಗೆ?

ಟೈಪ್ ಮಾಡ್ತಾ ಮಾಡ್ತಾನೇ ಲ್ಯಾಪ್‌ಟಾಪ್ ನಿದ್ದೆಗೆ ಜಾರುತ್ತದೆ ಎಂಬ ಟಿಕೆಟ್, ಅಂದರೆ ದಾಖಲಾದ ದೂರು, ನನ್ನ ಕೈಗೆ ಬಂದಾಗ ಅದನ್ನು ಆಗಲೇ ಮೂರು ಸಲ ಮುಚ್ಚಿದ್ದರು. ಮೂರು ಸಲವೂ ಒಂದೇ ಷರಾ: ‘ರೀಸ್ಟಾರ್ಟ್ ಮಾಡಿದೆ, ಈಗ ಸರಿ ಇದೆ.’ ಔಟರ್ ರಿಂಗ್ ರೋಡಿನ ಒಂದು ಆಫೀಸು. ನಾನು ನಾಲ್ಕನೇ ಮಹಡಿಗೆ ಹೋಗಿ, ಆ ಹೆಣ್ಣುಮಗಳ ಪಕ್ಕ ಕುರ್ಚಿ ಎಳೆದುಕೊಂಡು ಹತ್ತು ನಿಮಿಷ ಸುಮ್ನೆ ನೋಡುತ್ತ ಕೂತೆ. ಅವರ ಎಡಗೈ ಕೀಬೋರ್ಡಿನ ಕೆಳಗಿನ ಅಂಚಿಗೆ ಬಂದಾಗಲೆಲ್ಲ ಸ್ಕ್ರೀನ್ ಕಪ್ಪಾಗುತ್ತಿತ್ತು. ವಾಚಿನ ಪಟ್ಟಿಗೆ ಆಯಸ್ಕಾಂತದ ಕೊಂಡಿ ಇತ್ತು. ಮುಚ್ಚಳ ಮುಚ್ಚಿದೆಯೋ ಇಲ್ಲವೋ ಎಂದು ತಿಳಿಯಲು ಲ್ಯಾಪ್‌ಟಾಪ್ ಒಳಗೆ ಆಯಸ್ಕಾಂತವನ್ನು ಗುರುತಿಸುವ ಪುಟ್ಟ ಸೆನ್ಸರ್ ಇರುತ್ತದೆ. ವಾಚು ಹತ್ತಿರ ಬಂದರೆ ಸಾಕು, ಮುಚ್ಚಳ ಮುಚ್ಚಿದರು ಅಂದುಕೊಂಡು ಅದು ಮಲಗುತ್ತಿತ್ತು.

ಇದನ್ನು ನಾಲ್ಕು ಸಾಲಿನಲ್ಲಿ ಬರೆದು ಪರಿಹಾರಗಳನ್ನು ಬರೆದಿಡುವ ಟೀಮಿನ ನಾಲೆಡ್ಜ್ ಬೇಸ್‌ಗೆ ಸೇರಿಸಿದೆ. ಮುಂದಿನ ಎರಡು ತಿಂಗಳಲ್ಲಿ ಅಂಥದ್ದೇ ಇನ್ನೂ ಮೂರು ಟಿಕೆಟ್ ಬಂದವು. ಮೂರನ್ನೂ ನಮ್ಮ ಹುಡುಗರು ಫೋನಿನಲ್ಲೇ ಮುಗಿಸಿದರು. ನಾನು ಎಲ್‌1ನಿಂದ ಎಲ್‌2ಗೆ, ಅಂದರೆ ಮೊದಲ ಹಂತದಿಂದ ಎರಡನೇ ಹಂತಕ್ಕೆ, ಹೋಗುವಾಗ ಮ್ಯಾನೇಜರ್ ತೆಗೆದು ತೋರಿಸಿದ್ದು ಇಂಥ ಟಿಪ್ಪಣಿಗಳನ್ನೇ. ಸ್ಕ್ರೂಡ್ರೈವರ್ ಹಿಡಿಯಲು ನನಗಿಂತ ಚೆನ್ನಾಗಿ ಬರುವವರು ಟೀಮಿನಲ್ಲಿ ನಾಲ್ಕು ಜನ ಇದ್ದರು.

ಡೆಸ್ಕ್‌ಟಾಪ್ ಸಪೋರ್ಟ್ ಅಂದರೆ ಆಫೀಸಿನವರ ಕಂಪ್ಯೂಟರ್ ತೊಂದರೆಗಳನ್ನು ಸರಿಪಡಿಸುವುದು. ಇದು ಕೋಡಿಂಗ್ ಕೆಲಸ ಅಲ್ಲ. ಎಂಜಿನಿಯರಿಂಗ್ ಡಿಗ್ರಿಯೇ ಬೇಕು ಅಂತಲೂ ಇಲ್ಲ. ಡಿಪ್ಲೊಮಾ, ಬಿಸಿಎ, ಐಟಿಐನ ಒಂದು ವರ್ಷದ ಕೋಪಾ (ಕಂಪ್ಯೂಟರ್ ಆಪರೇಟರ್) ಟ್ರೇಡ್ ಮುಗಿಸಿದವರು, ಬಿಕಾಂ ಮಾಡಿ ಕಂಪ್ಯೂಟರ್ ಹುಚ್ಚು ಹತ್ತಿಸಿಕೊಂಡವರು, ಎಲ್ಲರನ್ನೂ ಈ ಸಾಲಿನಲ್ಲಿ ಕಂಡಿದ್ದೇನೆ. ಬೆಂಗಳೂರಿನಲ್ಲಿ ಆಫೀಸು ಇರುವ ಕಡೆಯೆಲ್ಲ ಕೆಟ್ಟ ಲ್ಯಾಪ್‌ಟಾಪ್ ಇದ್ದೇ ಇರುತ್ತದೆ, ಅಲ್ವಾ?

ಹೆಜ್ಜೆ 1: ಮೊದಲು ಒಂದು ಯಂತ್ರ ಬಿಚ್ಚಿ

ಟೌನ್‌ಹಾಲ್ ಹತ್ತಿರದ ಎಸ್.ಪಿ. ರೋಡಿಗೆ, ಅಂದರೆ ಸಾದರ ಪತ್ರಪ್ಪ ರಸ್ತೆಗೆ, ಒಂದು ಮಧ್ಯಾಹ್ನ ಹೋಗಿ ಬನ್ನಿ. ಹಳೆಯ ಆಫೀಸ್ ಡೆಸ್ಕ್‌ಟಾಪ್ ಒಂದನ್ನು ಚೌಕಾಸಿ ಮಾಡಿ ತನ್ನಿ. ರ‍್ಯಾಮ್ ತೆಗೆದು ಹಾಕಿ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿ. ವಿಂಡೋಸ್‌ಗೂ ಮೊದಲು ಏಳುವ ಬಯಾಸ್ ಒಳಗೆ ಹೋಗಿ ಬೂಟ್ ಕ್ರಮ ಬದಲಿಸಿ. ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕಿ, ಕೆಡಿಸಿ, ಮತ್ತೆ ಹಾಕಿ. ಬೇಕಂತಲೇ ರ‍್ಯಾಮ್ ಸಡಿಲ ಬಿಟ್ಟು ಆನ್ ಮಾಡಿ, ಯಾವ ಬೀಪ್ ಬರುತ್ತದೆ ಕೇಳಿಸಿಕೊಳ್ಳಿ. ವಿಡಿಯೊ ನೋಡಿ ಕಲಿತದ್ದು ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತದೆ.

ಮಾರತಹಳ್ಳಿ, ಬಿಟಿಎಂ ಕಡೆ ಕಂಬಕ್ಕೊಂದು ಟ್ರೈನಿಂಗ್ ಬೋರ್ಡು ಕಾಣುತ್ತದೆ. ಸೇರುವ ಮೊದಲು ಲ್ಯಾಬ್ ತೋರಿಸಿ ಅನ್ನಿ. ಪ್ರೊಜೆಕ್ಟರ್ ಮಾತ್ರ ತೋರಿಸಿದರೆ ನಮಸ್ಕಾರ ಹೇಳಿ ಬನ್ನಿ.

ಹೆಜ್ಜೆ 2: ಮನೆಯಲ್ಲೇ ಒಂದು ಪುಟ್ಟ ಆಫೀಸು ಕಟ್ಟಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ಮನೆಯ ಕಂಪ್ಯೂಟರ್‌ಗೂ ಆಫೀಸಿನ ಕಂಪ್ಯೂಟರ್‌ಗೂ ಇರುವ ದೊಡ್ಡ ವ್ಯತ್ಯಾಸ ಡೊಮೈನ್. ಆಫೀಸಿನಲ್ಲಿ ಯೂಸರ್, ಪಾಸ್‌ವರ್ಡ್, ಪ್ರಿಂಟರ್, ಯಾರು ಏನು ಇನ್‌ಸ್ಟಾಲ್ ಮಾಡಬಹುದು ಎಂಬುದು, ಎಲ್ಲವೂ ಒಂದು ಕಡೆಯಿಂದ ನಡೆಯುತ್ತದೆ. ಅದನ್ನು ನಡೆಸುವುದು ಮೈಕ್ರೋಸಾಫ್ಟ್‌ನ ಆ್ಯಕ್ಟಿವ್ ಡೈರೆಕ್ಟರಿ.

16 ಜಿಬಿ ರ‍್ಯಾಮ್ ಇರುವ ಒಂದು ಯಂತ್ರ ಇದ್ದರೆ ಸಾಕು. ಒಂದೇ ಕಂಪ್ಯೂಟರಿನೊಳಗೆ ಹಲವು ವರ್ಚುವಲ್ ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್ ಉಚಿತ. ಮೈಕ್ರೋಸಾಫ್ಟ್ ಸೈಟಿನಲ್ಲಿ ವಿಂಡೋಸ್ ಸರ್ವರ್ 180 ದಿನಗಳ ಪರೀಕ್ಷಾ ಆವೃತ್ತಿ ಸಿಗುತ್ತದೆ, ವಿಂಡೋಸ್ 11 ಎಂಟರ್‌ಪ್ರೈಸ್ 90 ದಿನಕ್ಕೆ ಸಿಗುತ್ತದೆ. ಸರ್ವರ್ ಹಾಕಿ ಡೊಮೈನ್ ಮಾಡಿ. ಇನ್ನೊಂದು ವರ್ಚುವಲ್ ಯಂತ್ರವನ್ನು ಅದಕ್ಕೆ ಸೇರಿಸಿ. ಹತ್ತು ಯೂಸರ್ ಸೃಷ್ಟಿಸಿ. ಮನೆಯವರ ಹೆಸರೇ ಇಡಿ, ನೆನಪಿರುತ್ತದೆ. ಅಜ್ಜಿಯ ಅಕೌಂಟ್ ಲಾಕ್ ಮಾಡಿ, ಬಿಡಿಸಿ. ತಮ್ಮನಿಗೆ ಕಂಟ್ರೋಲ್ ಪ್ಯಾನೆಲ್ ಕಾಣದಂತೆ ಗ್ರೂಪ್ ಪಾಲಿಸಿ, ಅಂದರೆ ಡೊಮೈನ್‌ನಿಂದ ಹೇರುವ ನಿಯಮ, ಹಾಕಿ.

ಟಿಕೆಟ್ ಸಾಫ್ಟ್‌ವೇರ್ ಕೂಡ ನೋಡಿರಬೇಕು. ಸರ್ವಿಸ್‌ನೌ ಕಂಪನಿ ಕಲಿಯುವವರಿಗೆ ತನ್ನ ಟಿಕೆಟ್ ಸಾಫ್ಟ್‌ವೇರ್‌ನ ಅಭ್ಯಾಸದ ಪ್ರತಿಯನ್ನು, ಅಂದರೆ ಡೆವಲಪರ್ ಇನ್‌ಸ್ಟನ್ಸ್, ಉಚಿತವಾಗಿ ಕೊಡುತ್ತದೆ. ಅದರಲ್ಲಿ ನಿಮ್ಮ ಪ್ರಯೋಗಗಳನ್ನೇ ಟಿಕೆಟ್ ಮಾಡಿ ಬರೆದಿಡಿ. ಏನಾಯಿತು, ಏನು ನೋಡಿದೆ, ಏನು ಮಾಡಿದೆ, ಯಾಕೆ. ಈ ಅಭ್ಯಾಸ ಇಲ್ಲೇ ಶುರುವಾಗಲಿ.

ಸರ್ಟಿಫಿಕೇಟ್ ಬೇಕಾ? ಈ ಕೆಲಸದ ಆರಂಭಿಕ ಸರ್ಟಿಫಿಕೇಟ್ ಆದ ಕಾಂಪ್‌ಟಿಯಾ ಎ ಪ್ಲಸ್‌ಗೆ ಎರಡು ಪರೀಕ್ಷೆ, ಎರಡಕ್ಕೂ ಬೇರೆ ಬೇರೆ ಶುಲ್ಕ. ಅದರ ಸಿಲೆಬಸ್ ಚೆನ್ನಾಗಿದೆ, ಇಳಿಸಿಕೊಂಡು ಓದಿ. ಪರೀಕ್ಷೆಯ ಹಣವನ್ನು ಮೊದಲ ಕೆಲಸ ಸಿಕ್ಕ ಮೇಲೆ ಬೇರೆ ಸರ್ಟಿಫಿಕೇಟ್‌ಗೆ ಖರ್ಚು ಮಾಡಿದರೆ ಜಾಸ್ತಿ ಲಾಭ ಅನ್ನುವುದು ನನ್ನ ಲೆಕ್ಕ.

ಹೆಜ್ಜೆ 3: ಬಾಗಿಲು ಯಾವುದು ಅಂತ ಗೊತ್ತಿರಲಿ

ಹುಡುಕುವಾಗ ಡೆಸ್ಕ್‌ಟಾಪ್ ಸಪೋರ್ಟ್ ಎಂಬ ಹೆಸರನ್ನಷ್ಟೇ ಹಾಕಬೇಡಿ. ಸರ್ವಿಸ್ ಡೆಸ್ಕ್, ಎಫ್‌ಎಂಎಸ್ (ಫೆಸಿಲಿಟಿ ಮ್ಯಾನೇಜ್‌ಮೆಂಟ್ ಸರ್ವಿಸಸ್) ಎಂಜಿನಿಯರ್, ರೆಸಿಡೆಂಟ್ ಎಂಜಿನಿಯರ್, ಫೀಲ್ಡ್ ಎಂಜಿನಿಯರ್, ಐಟಿ ಎಕ್ಸಿಕ್ಯೂಟಿವ್, ಎಲ್ಲವೂ ಇದೇ ಕುಟುಂಬ. ಫೀಲ್ಡ್ ಎಂಜಿನಿಯರ್ ಅಂದರೆ ಬೈಕು, ಡಿಎಲ್ ಬೇಕೇ ಬೇಕು. ಬೆಳಗ್ಗೆ ಪೀಣ್ಯದಲ್ಲಿ ಪ್ರಿಂಟರ್, ಮಧ್ಯಾಹ್ನ ಬೊಮ್ಮಸಂದ್ರದಲ್ಲಿ ಮದರ್‌ಬೋರ್ಡ್. ಸುಸ್ತಾಗುತ್ತದೆ, ಆದರೆ ಒಂದು ವರ್ಷದಲ್ಲಿ ನೋಡುವಷ್ಟು ಯಂತ್ರಗಳನ್ನು ಬೇರೆಲ್ಲೂ ನೋಡುವುದಿಲ್ಲ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಆರ್.ವಿ. ರೋಡಿನಿಂದ ಬೊಮ್ಮಸಂದ್ರದವರೆಗೆ ಓಡಲು ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು ಮಾಡುವ ಕೆಲಸಕ್ಕೆ ಸಿಲ್ಕ್ ಬೋರ್ಡ್ ಜಾಮಿನ ಭಯ ಮೊದಲಿನಷ್ಟಿಲ್ಲ.

ಸರ್ಕಾರಿ ಕಚೇರಿಗಳ ಗುತ್ತಿಗೆ ಕೆಲಸವನ್ನು ಕೀಳಾಗಿ ನೋಡಬೇಡಿ. ಅಲ್ಲಿನ ಅರ್ಧ ತಕರಾರು ನುಡಿ ಅಕ್ಷರದ್ದು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ಫಾಂಟ್ ಹಾಕಬೇಕು, ಇಲ್ಲವೇ ಯೂನಿಕೋಡ್‌ಗೆ ಬದಲಿಸಬೇಕು. ಇದು ಗೊತ್ತಿರುವ ಹುಡುಗನಿಗೆ ಸೂಪರಿಂಟೆಂಡೆಂಟ್ ಕಾಫಿ ತರಿಸುತ್ತಾರೆ.

ಮೊದಲ ಕೆಲಸ ಬಹುತೇಕ ಥರ್ಡ್ ಪಾರ್ಟಿ ಪೇರೋಲ್‌ನಲ್ಲೇ ಇರುತ್ತದೆ. ಕುಳಿತುಕೊಳ್ಳುವುದು ದೊಡ್ಡ ಕಂಪನಿಯಲ್ಲಿ, ಸಂಬಳ ಕೊಡುವುದು ಇನ್ನೊಬ್ಬರು. ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಸೇರುವಾಗ ಕೇಳಿ: ಕೈಗೆ ಎಷ್ಟು ಬರುತ್ತದೆ? ಪಿಎಫ್ ಕಟ್ಟುತ್ತೀರಾ? ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ, ಅಂದರೆ ಸರ್ಕಾರಿ ಆರೋಗ್ಯ ವಿಮೆ, ಇದೆಯಾ? ಎರಡನೇ ತಿಂಗಳು ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು ನೀವೇ ನೋಡಿ.

ರಿಜಿಸ್ಟ್ರೇಷನ್, ಡೆಪಾಸಿಟ್, ಲ್ಯಾಪ್‌ಟಾಪ್ ಚಾರ್ಜು ಅಂತ ಯಾರಾದರೂ ದುಡ್ಡು ಕೇಳಿದರೆ ಅದು ಕೆಲಸ ಅಲ್ಲ. ಎರಡು ವರ್ಷದ ಅನುಭವ ಇದೆ ಅಂತ ಸುಳ್ಳು ಪತ್ರ ಮಾಡಿಕೊಡುವವರೂ ಸಿಗುತ್ತಾರೆ. ನಿಮ್ಮ ಯುಎಎನ್ ನಂಬರಿನಲ್ಲಿ (ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರ್) ಯಾವ ಕಂಪನಿ ಯಾವಾಗಿನಿಂದ ಪಿಎಫ್ ಕಟ್ಟಿದೆ ಎಂಬ ಚರಿತ್ರೆ ಪೂರ್ತಿ ಇರುತ್ತದೆ. ಹಿನ್ನೆಲೆ ಪರಿಶೀಲನೆಯವರು ಮೊದಲು ನೋಡುವುದೇ ಅದನ್ನು.

ಹೆಜ್ಜೆ 4: ಇಂಟರ್‌ವ್ಯೂ

ಯಂತ್ರಗಳಿಗೆ ತಾನಾಗಿ ನೆಟ್‌ವರ್ಕ್ ವಿಳಾಸ ಹಂಚುವ ಡಿಎಚ್‌ಸಿಪಿ ಹೇಗೆ ಕೆಲಸ ಮಾಡುತ್ತದೆ, ಔಟ್‌ಲುಕ್‌ನ ಮೇಲ್ ಫೈಲುಗಳಾದ ಪಿಎಸ್‌ಟಿಗೂ ಓಎಸ್‌ಟಿಗೂ ಏನು ವ್ಯತ್ಯಾಸ, ಬ್ಲೂ ಸ್ಕ್ರೀನ್ ಬಂದರೆ ಏನು ಮಾಡ್ತೀರಾ. ಈ ಮೂರು ಪ್ರಶ್ನೆ ಕೇಳದ ಇಂಟರ್‌ವ್ಯೂ ನಾನು ಕಂಡಿಲ್ಲ. ಡಿಎಚ್‌ಸಿಪಿಯ ನಾಲ್ಕು ಹಂತಗಳ ಮೊದಲಕ್ಷರ ಸೇರಿಸಿ ‘ಡೋರಾ’ ಅಂತ ಗಿಳಿಪಾಠ ಒಪ್ಪಿಸುವುದು ಎಲ್ಲರಿಗೂ ಬರುತ್ತದೆ. ಹೀಗೆ ಹೇಳಿ ನೋಡಿ: ನೆಟ್ ಬರ್ತಿಲ್ಲ ಅಂದರೆ ಐಪಿಕಾನ್‌ಫಿಗ್ ಕಮಾಂಡ್ ಕೊಡ್ತೀನಿ, ವಿಳಾಸ 169.254 ಅಂತ ಶುರುವಾದರೆ ಡಿಎಚ್‌ಸಿಪಿ ಸರ್ವರ್‌ನಿಂದ ಉತ್ತರ ಬಂದಿಲ್ಲ, ವಿಂಡೋಸ್ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ ಅಂತ ಅರ್ಥ; ಮೊದಲು ಕೇಬಲ್ ನೋಡ್ತೀನಿ, ಪಕ್ಕದವರಿಗೆ ನೆಟ್ ಇದೆಯಾ ಕೇಳ್ತೀನಿ. ಎದುರಿನವರು ತಲೆ ಎತ್ತಿ ನೋಡುತ್ತಾರೆ.

ಇಂಗ್ಲಿಷ್ ಬಗ್ಗೆ ಕನ್ನಡ ಮೀಡಿಯಂ ಹುಡುಗರು ಅತಿಯಾಗಿ ಹೆದರುತ್ತಾರೆ. ನಾನೂ ಹೆದರಿದ್ದೆ. ಈ ಕೆಲಸಕ್ಕೆ ಬೇಕಾಗುವ ಇಂಗ್ಲಿಷ್ ಮೂವತ್ತು ನಲವತ್ತು ವಾಕ್ಯದ್ದು. ಯಾವಾಗಿನಿಂದ ಹೀಗೆ, ಯಾವ ಎರರ್ ಬಂತು, ನಿಮ್ಮ ಯಂತ್ರಕ್ಕೆ ರಿಮೋಟ್‌ನಲ್ಲಿ ಬರಬಹುದಾ, ಹತ್ತು ನಿಮಿಷದಲ್ಲಿ ಮತ್ತೆ ಕರೆ ಮಾಡ್ತೀನಿ. ಬರೆದುಕೊಂಡು ಗಟ್ಟಿಯಾಗಿ ಹೇಳಿ ರೂಢಿಸಿಕೊಳ್ಳಿ.

ಹೆಜ್ಜೆ 5: ಮೊದಲ ಆರು ತಿಂಗಳು

ಪಾಸ್‌ವರ್ಡ್, ಪ್ರಿಂಟರ್, ಔಟ್‌ಲುಕ್, ವಿಪಿಎನ್. ದಿನದ ಬಹುಪಾಲು ಇಷ್ಟೇ. ಬೇಜಾರಾಗುತ್ತದೆ. ಆದರೆ ಒಂದೊಂದರ ಹಿಂದೆಯೂ ಒಂದು ‘ಯಾಕೆ’ ಇರುತ್ತದೆ. ಪಾಸ್‌ವರ್ಡ್ ಬದಲಿಸಿದ ಮೇಲೆ ಗಂಟೆಗೊಮ್ಮೆ ಅಕೌಂಟ್ ಲಾಕ್ ಆಗುವವರು ವಾರಕ್ಕೊಬ್ಬರಾದರೂ ಬರುತ್ತಾರೆ. ಬಿಡಿಸಿ ಕಳಿಸುವುದು ಸುಲಭ. ಅವರ ಜೇಬಿನ ಮೊಬೈಲ್ ಹಳೆಯ ಪಾಸ್‌ವರ್ಡ್ ಇಟ್ಟುಕೊಂಡು ಆಫೀಸ್ ಮೇಲ್‌ನ ಬಾಗಿಲು ಬಡಿಯುತ್ತಲೇ ಇರುತ್ತದೆ ಅಂತ ಕಂಡುಹಿಡಿದರೆ ಅವರು ಮತ್ತೆ ಬರುವುದಿಲ್ಲ. ಪ್ರಿಂಟ್ ಸಿಕ್ಕಿಕೊಂಡರೆ ಪ್ರಿಂಟ್‌ಗಳನ್ನು ಸಾಲಿನಲ್ಲಿ ನಿಲ್ಲಿಸುವ ಸ್ಪೂಲರ್ ಸರ್ವಿಸ್ ನಿಲ್ಲಿಸಿ, ಸ್ಪೂಲ್ ಫೋಲ್ಡರ್ ಖಾಲಿ ಮಾಡಿ, ಮತ್ತೆ ಶುರು ಮಾಡಿ. ಆಯುಧಪೂಜೆಯ ಮರುದಿನ ಮಾತ್ರ ಸ್ಪೂಲರ್ ಬಿಟ್ಟು ಮೊದಲು ಕುಂಕುಮ ಎಲ್ಲಿ ಬಿದ್ದಿದೆ ಹುಡುಕಿ.

ಮುಟ್ಟುವ ಮೊದಲು ಕೇಳಿ, ಕೇಳಿದ್ದನ್ನು ಟಿಕೆಟ್‌ನಲ್ಲಿ ಬರೆಯಿರಿ. ಇದನ್ನು ನಾನು ಕೆಟ್ಟ ರೀತಿಯಲ್ಲಿ ಕಲಿತೆ. ಒಬ್ಬ ಅಕೌಂಟೆಂಟ್ ‘ಎಲ್ಲ ಡ್ರೈವ್‌ನಲ್ಲಿದೆ, ಫಾರ್ಮ್ಯಾಟ್ ಮಾಡಿ’ ಅಂದರು. ನಾನು ಕ್ಲೌಡ್ ಡ್ರೈವ್ ಅಂದುಕೊಂಡೆ, ಅವರು ಹೇಳಿದ್ದು ಡಿ ಡ್ರೈವ್. ಪೂರ್ತಿ ಡಿಸ್ಕ್ ಅಳಿಸಿ ಹೊಸ ಇಮೇಜ್, ಅಂದರೆ ಸಿದ್ಧಪಡಿಸಿಟ್ಟ ವಿಂಡೋಸ್ ಪ್ರತಿ, ಹಾಕಿದೆ. ನಾಲ್ಕು ವರ್ಷದ ಮೇಲ್ ಇದ್ದ ಪಿಎಸ್‌ಟಿ ಫೈಲ್ ಹೋಯಿತು. ಅವರು ಬೈಯಲಿಲ್ಲ. ಕುರ್ಚಿಯಲ್ಲಿ ಕೂತು ಖಾಲಿ ಔಟ್‌ಲುಕ್ಕನ್ನು ನೋಡುತ್ತಿದ್ದರು ಅಷ್ಟೆ. ಆ ದಿನದಿಂದ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಿ ಡ್ರೈವ್, ಪಿಎಸ್‌ಟಿ, ಬ್ರೌಸರ್ ಬುಕ್‌ಮಾರ್ಕ್ ಎಲ್ಲವನ್ನೂ ಯೂಸರ್ ಮುಂದೆಯೇ ತೆರೆದು ನೋಡಿ, ಅವರಿಂದ ಮೇಲ್‌ನಲ್ಲಿ ಒಪ್ಪಿಗೆ ತರಿಸಿಕೊಂಡ ಮೇಲಷ್ಟೇ ಇಮೇಜ್ ಹಾಕುತ್ತೇನೆ.

ಹೆಜ್ಜೆ 6: ಮೇಲಕ್ಕೆ

2024ರ ಜುಲೈ 19, ಶುಕ್ರವಾರ. ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲೇ ಬರೆದು ಕೊಟ್ಟರು. ಮದ್ದು ಸರಳವಾಗಿತ್ತು: ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸಬೇಕು. ಆದರೆ ಯಂತ್ರವೇ ಏಳದಿದ್ದರೆ ರಿಮೋಟ್‌ನಲ್ಲಿ ಏನು ಮಾಡುವುದು? ಎಷ್ಟೋ ಕಡೆ ಡೆಸ್ಕ್‌ಟಾಪ್ ಹುಡುಗರೇ ಒಂದೊಂದು ಯಂತ್ರದ ಮುಂದೆ ನಿಂತು, ಡಿಸ್ಕಿನ ಬೀಗ ತೆಗೆಯುವ 48 ಅಂಕಿಯ ಬಿಟ್‌ಲಾಕರ್ ಕೀ ಕುಟ್ಟಿ, ಫೈಲ್ ಅಳಿಸಬೇಕಾಯಿತು. ಯಾವ ಯಂತ್ರದ ಕೀ ಎಲ್ಲಿದೆ ಅಂತ ಮೊದಲೇ ಜೋಡಿಸಿಟ್ಟವರು ಬೇಗ ಮನೆಗೆ ಹೋದರು.

ಆ ಜೋಡಿಸಿಡುವ ಕೆಲಸಕ್ಕೆ ಎಂಡ್‌ಪಾಯಿಂಟ್ ಮ್ಯಾನೇಜ್‌ಮೆಂಟ್ ಅಂತ ಹೆಸರು. ಡೆಸ್ಕ್‌ಟಾಪ್‌ನಿಂದ ಅತಿ ಹತ್ತಿರದ ಮೇಲಿನ ಮೆಟ್ಟಿಲು ಅದೇ. ಯಂತ್ರಗಳನ್ನು ದೂರದಿಂದಲೇ ಸಜ್ಜು ಮಾಡಿ ನಿಭಾಯಿಸುವ ಮೈಕ್ರೋಸಾಫ್ಟ್‌ನ ಇಂಟ್ಯೂನ್, ಆಟೋಪೈಲಟ್ ಕಲಿಯಿರಿ. ಮೈಕ್ರೋಸಾಫ್ಟ್‌ನ ಎಂಡಿ-102 ಪರೀಕ್ಷೆ ಇದಕ್ಕೇ ಇರುವುದು. ಜೊತೆಗೆ ವಿಂಡೋಸ್‌ಗೆ ಕಮಾಂಡ್ ಬರೆಯುವ ಭಾಷೆ ಪವರ್‌ಶೆಲ್. ಶುರುವಿಗೆ ಒಂದು ಸಣ್ಣ ಕೆಲಸ ಹಿಡಿಯಿರಿ. ಐವತ್ತು ಯಂತ್ರಗಳಲ್ಲಿ ಯಾವುದರ ಸಿ ಡ್ರೈವ್ ತುಂಬುತ್ತಿದೆ ಅಂತ ಹುಡುಕುವ ಹತ್ತು ಸಾಲು ಬರೆದರೂ ಸಾಕು, ಟೀಮಿನಲ್ಲಿ ನಿಮ್ಮ ಹೆಸರು ಬೇರೆ ರೀತಿ ಕೇಳುತ್ತದೆ. ನೆಟ್‌ವರ್ಕ್ ಇಷ್ಟವಾದರೆ ಸಿಸ್ಕೊ ಕಂಪನಿಯ ಸಿಸಿಎನ್‌ಎ ಸರ್ಟಿಫಿಕೇಟ್. ಅಭ್ಯಾಸಕ್ಕೆ ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಉಚಿತ. ಜನರನ್ನು ನಡೆಸುವುದು ಇಷ್ಟವಾದರೆ ಐಟಿ ಸೇವೆ ನಿರ್ವಹಣೆಯ ಐಟಿಐಎಲ್ ಫೌಂಡೇಶನ್. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ.

ಮೂರನೇ ವರ್ಷಕ್ಕೂ ಮೊದಲ ವರ್ಷದ್ದೇ ಟಿಕೆಟ್ ಮುಚ್ಚುತ್ತಿದ್ದರೆ ಜಾಗ ಬದಲಿಸಿ. ರೆಸ್ಯೂಮೆಯಲ್ಲಿ ಪ್ರಿಂಟರ್ ಸಪೋರ್ಟ್ ಮಾಡಿದೆ ಅಂತ ಬರೆದರೆ ಯಾರೂ ಓದುವುದಿಲ್ಲ. ಎಷ್ಟು ಯೂಸರ್, ಎಷ್ಟು ಯಂತ್ರ, ಪದೇ ಪದೇ ಬರುತ್ತಿದ್ದ ಯಾವ ತಕರಾರನ್ನು ಹೇಗೆ ನಿಲ್ಲಿಸಿದಿರಿ ಅಂತ ಬರೆಯಿರಿ. ಟಿಪ್ಪಣಿ ಬರೆದಿಟ್ಟಿದ್ದರೆ ಇದಕ್ಕೆ ಅರ್ಧ ಗಂಟೆ ಸಾಕು. ಕಂಪನಿಯ ಗುಟ್ಟು, ಸರ್ವರ್ ಹೆಸರು, ಸ್ಕ್ರೀನ್‌ಶಾಟ್ ಮಾತ್ರ ಹೊರಗೆ ಒಯ್ಯಬೇಡಿ.

ಬಿಡುವಾಗ ನೋಟಿಸ್ ಪೂರ್ತಿ ಮಾಡಿ, ರಿಲೀವಿಂಗ್ ಲೆಟರ್ ಕೈಗೆ ಬರುವವರೆಗೆ ಎಚ್‌ಆರ್‌ ಬೆನ್ನು ಬಿಡಬೇಡಿ. ಹೊಸ ಕಡೆ ಹಳೆಯ ಯುಎಎನ್ನನ್ನೇ ಕೊಡಿ. ಕೊನೆಯ ಮೂರು ತಿಂಗಳ ಪೇಸ್ಲಿಪ್ಪನ್ನು ಕೊನೆಯ ವಾರದ ಮೊದಲೇ ಇಳಿಸಿಕೊಳ್ಳಿ. ಕೊನೆಯ ದಿನ ಊಟ ಮುಗಿಸಿ ಬರುವಷ್ಟರಲ್ಲಿ ಲಾಗಿನ್ ಹೋಗಿರುತ್ತದೆ. ಆ ಟಿಕೆಟ್ ಬರುವುದು ನಿಮ್ಮ ಟೀಮಿಗೇ. ಪಕ್ಕದ ಕುರ್ಚಿಯವನೇ ನಿಮ್ಮ ಅಕೌಂಟ್ ಡಿಸೇಬಲ್ ಮಾಡಿ, ಷರಾ ಬರೆದು ಮುಚ್ಚುತ್ತಾನೆ.