ದಾಳಿಬಲ ಐದನ್ನು ಮೀರದ ಆಯುಧಗಳಿಂದ ‘ಬ್ರೆತ್ ಆಫ್ ದಿ ವೈಲ್ಡ್’ ಮತ್ತೆ ಆಡುವ ಬಗೆ

‘ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಗೇಮನ್ನು ಒಮ್ಮೆ ಮುಗಿಸಿದವರಿಗೆ ಅದರ ಉತ್ತರಾರ್ಧ ಹೇಗಿರುತ್ತದೆ ಎಂಬುದು ಗೊತ್ತಿದೆ. ಚೀಲದ ತುಂಬ ಬಲವಾದ ಕತ್ತಿಗಳಿರುತ್ತವೆ, ಎದುರಾದ ಶತ್ರು ನಾಲ್ಕಾರು ಏಟಿಗೆ ನೆಲ ಕಚ್ಚುತ್ತಾನೆ, ಬೆಂಕಿ, ಮಳೆ, ಸಿಡಿಲು, ಇಳಿಜಾರುಗಳನ್ನು ಕಾಳಗಕ್ಕೆ ಬಳಸಿಕೊಳ್ಳುವ ಪ್ರಮೇಯವೇ ಬರುವುದಿಲ್ಲ. 2017ರ ಮಾರ್ಚ್ 3ರಂದು ನಿಂಟೆಂಡೊ ಹೊರತಂದ ಈ ಗೇಮಿನ ಅತ್ಯುತ್ತಮ ಭಾಗ ಇರುವುದು ಆ ಪ್ರಕೃತಿನಿಯಮಗಳಲ್ಲೇ. ಕೈಯಲ್ಲಿರುವ ಆಯುಧ ದುರ್ಬಲವಾದಷ್ಟೂ ಅವು ಕೆಲಸಕ್ಕೆ ಬರುತ್ತವೆ. ಆದ್ದರಿಂದ ಎರಡನೆಯ ಸಲ ಆಡುವಾಗ ಒಂದೇ ಒಂದು ಕಟ್ಟುಪಾಡನ್ನು ಹಾಕಿಕೊಳ್ಳುವಂತೆ ನಾನು ಸೂಚಿಸುತ್ತೇನೆ: ಪರದೆಯ ಮೇಲೆ ಕಾಣುವ ದಾಳಿಬಲ ಐದಕ್ಕಿಂತ ಹೆಚ್ಚಿರುವ ಯಾವ ಆಯುಧವನ್ನೂ ಬೀಸಬಾರದು.

ಐದು ಎಂಬ ಮಿತಿಗೆ ಕಾರಣವಿದೆ. ಮರದ ಕೊಂಬೆ ಮತ್ತು ಪಂಜಿನ ಬಲ ಎರಡು, ಸೌದೆ ಕಡಿಯುವ ಕೊಡಲಿಯದು ಮೂರು, ಬೊಕೊ ದೊಣ್ಣೆ ಮತ್ತು ಸೌಟಿನದು ನಾಲ್ಕು, ಮರದ ಮಾಪ್ ಹಾಗೂ ಟ್ರಾವೆಲರ್ಸ್ ಸ್ವೋರ್ಡಿನದು ಐದು. ಕೊಂಬೆಯೊಂದನ್ನೇ ಬಳಸುತ್ತೇನೆಂದು ಹೊರಟರೆ ಆಟದ ಹೆಚ್ಚಿನ ಸಮಯ ಕೊಂಬೆ ಆರಿಸುವುದರಲ್ಲೇ ಕಳೆದುಹೋಗುತ್ತದೆ. ಮಿತಿಯನ್ನು ಹತ್ತಕ್ಕೆ ಏರಿಸಿದರೆ ಮೊದಲ ಕೆಲವು ಗಂಟೆಗಳಲ್ಲಿ ಏನೂ ವ್ಯತ್ಯಾಸ ತಿಳಿಯುವುದಿಲ್ಲ. ಐದರ ಮಿತಿಯಲ್ಲಿ ಮರದ್ದೂ ಇದೆ, ಲೋಹದ್ದೂ ಇದೆ. ಆ ಭೇದ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ಕೆಲವು ಆಯುಧಗಳಿಗೆ ಹೆಚ್ಚುವರಿ ದಾಳಿಬಲ ಸೇರಿಕೊಂಡಿರುತ್ತದೆ. ಅಂಥವುಗಳನ್ನು ಹೆಸರಿನಿಂದಲ್ಲ, ಪರದೆಯ ಮೇಲಿನ ಅಂಕಿಯಿಂದಲೇ ಅಳೆಯಬೇಕು.

ಆರಂಭಿಸುವ ಮುನ್ನ ಕನ್ಸೋಲಿನಲ್ಲಿ ಹೊಸ ಬಳಕೆದಾರ ಪ್ರೊಫೈಲ್ ಒಂದನ್ನು ತೆರೆಯಿರಿ. ಈ ಗೇಮಿನಲ್ಲಿ ಒಂದು ಪ್ರೊಫೈಲಿಗೆ ಸಾಮಾನ್ಯ ಮೋಡಿನ ಒಂದೇ ಆಟ ಉಳಿಯುವುದರಿಂದ, ಹಳೆಯ ಪ್ರೊಫೈಲಿನಲ್ಲೇ ಹೊಸದಾಗಿ ಆಡಿ ಸೇವ್ ಮಾಡಿದರೆ ಹಿಂದಿನ ಶ್ರಮವೆಲ್ಲ ಅಳಿಸಿಹೋಗುತ್ತದೆ. ಮಾಸ್ಟರ್ ಮೋಡಿಗೆ ಪ್ರತ್ಯೇಕ ಸೇವ್ ಇದೆಯೆಂಬುದು ನಿಜ, ಆದರೆ ಈ ಸವಾಲಿಗೆ ಅದನ್ನು ಆರಿಸಿಕೊಳ್ಳಬೇಡಿ. ಅಲ್ಲಿ ಶತ್ರುಗಳು ಒಂದು ದರ್ಜೆ ಮೇಲಿನವರಾಗಿರುವುದಲ್ಲದೆ, ಸ್ವಲ್ಪ ಬಿಡುವು ಸಿಕ್ಕರೂ ಕಳೆದುಕೊಂಡ ಜೀವವನ್ನು ಮರಳಿ ತುಂಬಿಕೊಳ್ಳುತ್ತಾರೆ. ಎರಡೆರಡು ಅಂಕದ ಏಟು ಕೊಡುವವನಿಗೆ ಅದು ತಳವಿಲ್ಲದ ಕೊಡಕ್ಕೆ ನೀರು ಹೊಯ್ದಂತೆ.

ಇನ್ನು ನಿಯಮದ ಸಂದುಗಳನ್ನು ಮುಚ್ಚಬೇಕು. ಅವುಗಳಲ್ಲಿ ದೊಡ್ಡದು ಬಾಂಬಿನ ರೂನ್, ಅಂದರೆ ಬೇಕೆಂದಾಗಲೆಲ್ಲ ಬಾಂಬ್ ಕೊಡುವ ಶಕ್ತಿ. ಅದು ಎಷ್ಟು ಬಳಸಿದರೂ ಮುಗಿಯುವುದಿಲ್ಲ. ಹೀಗಾಗಿ ಬಂಡೆಯ ಮೇಲೆ ನಿಂತು ಬಾಂಬ್ ಎಸೆಯುತ್ತಲೇ ಇಡೀ ಶಿಬಿರವನ್ನು ಮುಗಿಸಬಹುದು. ಅದು ಸಾಧ್ಯವೇನೋ ಹೌದು, ಆದರೆ ಸವಾಲಿನ ರುಚಿಯನ್ನೇ ಕೆಡಿಸುತ್ತದೆ. ಬಾಂಬನ್ನು ಗೋಡೆ ಒಡೆಯಲು, ಮರ ಉರುಳಿಸಲು, ಶತ್ರುವನ್ನು ಪ್ರಪಾತಕ್ಕೋ ನೀರಿಗೋ ತಳ್ಳಲು ಮಾತ್ರ ಬಳಸಬೇಕೆಂಬುದು ನನ್ನ ಸಲಹೆ. ಬಿಲ್ಲನ್ನೂ ಹಾಗೆಯೇ ಕಟ್ಟಿಹಾಕಬೇಕು: ಹಗ್ಗ, ದೀಪ, ಜೇನುಗೂಡು, ಪೀಪಾಯಿಗಳಿಗೆ ಬಾಣ ಬಿಡಬಹುದು, ಶತ್ರುವಿನ ಮೈಗೆ ಬಿಡಬಾರದು. ಬಾಣ ಅಥವಾ ಬಾಂಬಿನಿಂದ ನೋಯಿಸಬೇಕಾದ ಬಾಸ್‌ಗಳಿಗೆ ಮಾತ್ರ ವಿನಾಯಿತಿ ಇರಲಿ. ಗುರಾಣಿಗೆ ಯಾವ ಮಿತಿಯೂ ಬೇಡ. ಮಾಸ್ಟರ್ ಸ್ವೋರ್ಡನ್ನು ಎತ್ತದೆಯೇ ಕಥೆಯನ್ನು ಮುಗಿಸಬಹುದಾದ್ದರಿಂದ ಅದನ್ನು ಇದ್ದಲ್ಲೇ ಬಿಡಿ.

ಈಗ ಲೆಕ್ಕಕ್ಕೆ ಬರೋಣ. ಕೆಂಪು ಬೊಕೊಬ್ಲಿನ್‌ನ ಜೀವಬಲ 13. ಮರದ ಕೊಂಬೆ ನಾಲ್ಕು ಏಟಿಗೆ ಮುರಿಯುತ್ತದೆ, ಮುರಿಯುವ ಏಟು ಮಾತ್ರ ಇಮ್ಮಡಿ ಬಲದ್ದು. ಎರಡು, ಎರಡು, ಎರಡು, ನಾಲ್ಕು ಸೇರಿಸಿದರೆ ಹತ್ತು. ಅಂದರೆ ಒಂದಿಡೀ ಕೊಂಬೆಯನ್ನು ಖರ್ಚು ಮಾಡಿದರೂ ಈ ಲೋಕದ ಅತ್ಯಂತ ಸಾಧಾರಣ ಶತ್ರು ಸಾಯುವುದಿಲ್ಲ. ಅದೇ ಕೊಂಬೆಯಿಂದ, ಗಮನಿಸದೆ ನಿಂತಿರುವ ಅಥವಾ ಮಲಗಿರುವ ಬೊಕೊಬ್ಲಿನ್‌ನ ಬೆನ್ನ ಹಿಂದೆ ಹೋಗಿ ಸ್ನೀಕ್‌ಸ್ಟ್ರೈಕ್ ಹೊಡೆದರೆ ಎಂಟು ಪಟ್ಟು ಪೆಟ್ಟು ಬೀಳುತ್ತದೆ. ಎರಡರ ಎಂಟು ಪಟ್ಟು ಹದಿನಾರು, ಒಂದೇ ಏಟಿಗೆ ಕೆಲಸ ಮುಗಿಯುತ್ತದೆ. ಈ ಸವಾಲಿನ ಜೀವಾಳ ಇಲ್ಲೇ ಇದೆ. ದಾಳಿಬಲ ಹೆಚ್ಚಿಸುವ ಅಡುಗೆಯನ್ನು ಹಲವರು ಮೊದಲು ನೆನೆಯುತ್ತಾರೆ, ಆದರೆ ಅತ್ಯುನ್ನತ ದರ್ಜೆಯ ಅಡುಗೆಯೂ ಒಂದೂವರೆ ಪಟ್ಟಿಗಿಂತ ಹೆಚ್ಚು ಕೊಡುವುದಿಲ್ಲ. ಎರಡು ಮೂರಾಗುತ್ತದೆ, ಅಷ್ಟೇ. ಅದರ ಬದಲು ಸದ್ದಡಗಿಸುವ ಅಡುಗೆಯನ್ನು ಮಾಡಿಕೊಳ್ಳುವುದು ಜಾಣತನ.

ಶಿಬಿರವನ್ನು ರಾತ್ರಿಯಲ್ಲೇ ಹೊಕ್ಕುವುದು ಒಳ್ಳೆಯದು, ಏಕೆಂದರೆ ಬೊಕೊಬ್ಲಿನ್‌ಗಳು ಆಗ ಮಲಗಿರುತ್ತವೆ. ಗೋಪುರದ ಮೇಲೆ ಕಾವಲುಗಾರನಿದ್ದರೆ ಮೊದಲು ಅವನ ಹಿಂದಿನಿಂದ ಹತ್ತಿ ಅವನನ್ನು ಮುಗಿಸಿ, ಇಲ್ಲವಾದರೆ ಅವನು ಕೊಂಬೂದಿ ಎಲ್ಲರನ್ನೂ ಎಬ್ಬಿಸುತ್ತಾನೆ. ಎಡ ಸ್ಟಿಕ್ಕನ್ನು ಒತ್ತಿ ಬಗ್ಗಿದ ಮೇಲೆ ಅದನ್ನು ಪೂರ್ತಿ ತಳ್ಳದೆ ನಿಧಾನವಾಗಿ ಓರೆ ಮಾಡಿ, ಪರದೆಯ ಮೂಲೆಯಲ್ಲಿರುವ ಶಬ್ದಸೂಚಕದ ಅಲೆ ಏಳದಂತೆ ನೋಡಿಕೊಳ್ಳಿ. ಗುಂಪಿನಿಂದ ದೂರ ಮಲಗಿರುವವನನ್ನು ಮೊದಲು ಆರಿಸಿಕೊಳ್ಳಬೇಕು. ಯಾರಾದರೂ ಎಚ್ಚೆತ್ತರೆ ಅಲ್ಲೇ ನಿಂತು ಹೋರಾಡದೆ ದೂರ ಸರಿದು ಅಡಗಿ, ಅವರು ಹುಡುಕಾಟ ಬಿಟ್ಟು ಮರಳುವವರೆಗೆ ಕಾಯಿರಿ. ಬಯಲಿನಲ್ಲಿ ರಾತ್ರಿ ನೆಲದಿಂದೇಳುವ ಅಸ್ಥಿಪಂಜರಗಳಿಗೆ ಹೆದರಬೇಕಾಗಿಲ್ಲ. ಅವುಗಳ ಜೀವಬಲ ಒಂದೇ ಆಗಿರುವುದರಿಂದ ಸೌಟು ಕೂಡ ಮಹಾಖಡ್ಗದಂತೆಯೇ ಕೆಲಸ ಮಾಡುತ್ತದೆ. ಉದುರಿದ ತಲೆಬುರುಡೆಯನ್ನು ಒಡೆಯಲು ಮಾತ್ರ ಮರೆಯಬಾರದು.

ನೀಲಿ ಬೊಕೊಬ್ಲಿನ್‌ಗೆ ಬರುವಷ್ಟರಲ್ಲಿ ಜೀವಬಲ 72ಕ್ಕೆ, ಕಪ್ಪಿಗೆ 240ಕ್ಕೆ ಏರುತ್ತದೆ. ಐದರ ಎಂಟು ಪಟ್ಟು ನಲವತ್ತೇ ಆದ್ದರಿಂದ ಇಲ್ಲಿಂದ ಮುಂದೆ ಬೆನ್ನೇಟು ಸಾಲದು, ಸುತ್ತಲಿನ ನೆಲವನ್ನು ಓದಬೇಕು. ಶಿಬಿರದಲ್ಲಿ ಸಿಡಿಯುವ ಕೆಂಪು ಪೀಪಾಯಿಗಳಿದ್ದರೆ ಒಲೆಯ ಬೆಂಕಿಯಲ್ಲಿ ಕೊಂಬೆಯೊಂದನ್ನು ಹೊತ್ತಿಸಿ ಅವುಗಳತ್ತ ಎಸೆಯಿರಿ. ಜೇನುಗೂಡು ಬಿದ್ದರೆ ಬೊಕೊಬ್ಲಿನ್‌ಗಳು ದಿಕ್ಕಾಪಾಲಾಗಿ ಓಡುತ್ತವೆ. ಲೋಹದ ಪೆಟ್ಟಿಗೆ ಕಂಡರೆ, ಲೋಹವನ್ನು ದೂರದಿಂದಲೇ ಎತ್ತುವ ರೂನ್ ಆದ ಮ್ಯಾಗ್ನೆಸಿಸ್‌ನಿಂದ ಎತ್ತಿ ತಲೆಯ ಮೇಲೆ ಬೀಳಿಸಬಹುದು, ಇಳಿಜಾರಿನಲ್ಲಿ ಬಂಡೆ ಉರುಳಿಸಬಹುದು. ಬೊಕೊಬ್ಲಿನ್‌ಗಳು ಆಳವಾದ ನೀರಿನಲ್ಲಿ ಮುಳುಗಿ ಸಾಯುತ್ತವೆ, ಹಲ್ಲಿಯಂಥ ಶತ್ರುಗಳಾದ ಲಿಜಾಲ್ಫೋಸ್‌ಗಳು ಮಾತ್ರ ಈಜಬಲ್ಲವು. ಗುಡುಗು ಸಹಿತ ಮಳೆ ಬಂದಾಗ ಟ್ರಾವೆಲರ್ಸ್ ಸ್ವೋರ್ಡಿನಂಥ ಲೋಹದ ಆಯುಧ ಕಿಡಿ ಕಾರಲು ಆರಂಭಿಸಿದೊಡನೆ ಅದನ್ನು ಶತ್ರುಗಳ ನಡುವೆ ಎಸೆದು ದೂರ ಓಡಿ. ಸಿಡಿಲು ಉಳಿದದ್ದನ್ನು ನೋಡಿಕೊಳ್ಳುತ್ತದೆ. ಲೋಹದ ಆಯುಧವನ್ನು ಮಿತಿಯೊಳಗೆ ಉಳಿಸಿಕೊಂಡದ್ದು ಇದಕ್ಕಾಗಿಯೇ.

ಕಿರಣ ಬಿಡುವ ಯಂತ್ರಗಳಾದ ಗಾರ್ಡಿಯನ್‌ಗಳ ವಿಷಯದಲ್ಲಿ ಆಯುಧದ ಬಲ ಲೆಕ್ಕಕ್ಕೇ ಬರುವುದಿಲ್ಲ. ಗುರಾಣಿಬಲ ಒಂದೇ ಇರುವ ಪಾತ್ರೆಯ ಮುಚ್ಚಳದಿಂದಲೂ ಅದರ ಕಿರಣವನ್ನು ಮರಳಿಸಬಹುದು. ಸರಿಯಾದ ಕ್ಷಣದಲ್ಲಿ ಮರಳಿಸಿದರೆ ಮುಚ್ಚಳ ಸವೆಯುವುದೂ ಇಲ್ಲ. ನಿಂಟೆಂಡೊ ಸ್ವಿಚ್ ಕನ್ಸೋಲಿನಲ್ಲಿ ಜೆಡ್‌ಎಲ್ ಗುಂಡಿ ಹಿಡಿದು ಅದರತ್ತ ಗುರಿ ಕಟ್ಟಿಕೊಳ್ಳಿ. ಕೆಂಪು ಗೆರೆ ಮೈಮೇಲೆ ಬಿದ್ದು ಸದ್ದು ಬಿರುಸಾಗುತ್ತದೆ. ಆಗ ಕೈ ಚಡಪಡಿಸುತ್ತದೆ, ಆದರೂ ಒತ್ತಬೇಡಿ. ಕಣ್ಣಿನಲ್ಲಿ ಬೆಳಕು ಚಿಮ್ಮಿದ ಕ್ಷಣವೇ ಎ ಗುಂಡಿ ಒತ್ತಬೇಕು. ದೂರದಲ್ಲಿದ್ದರೆ ಕಿರಣ ತಲುಪಲು ಹೊತ್ತು ಹಿಡಿಯುವುದರಿಂದ ಕ್ಷಣಮಾತ್ರ ತಡೆದು ಒತ್ತಬೇಕಾಗುತ್ತದೆ. ಕಾಲಿಲ್ಲದೆ ನೆಲದಲ್ಲಿ ಹೂತಿರುವ ಹಳೆಯ ಗಾರ್ಡಿಯನ್ ಒಂದೇ ಸಲಕ್ಕೆ ಸಿಡಿಯುತ್ತದೆ, ನಡೆದಾಡುವುದಕ್ಕೆ ಮೂರು ಸಲ ಬೇಕು. ಆಟ ಆರಂಭವಾಗುವ ಗ್ರೇಟ್ ಪ್ಲೇಟೋದಲ್ಲಿರುವ ಕಾಲಿಲ್ಲದವುಗಳ ಮುಂದೆಯೇ ಈ ಅಭ್ಯಾಸವನ್ನು ಗಟ್ಟಿ ಮಾಡಿಕೊಂಡು ಮುಂದೆ ಹೋಗಿ, ಏಕೆಂದರೆ ಕೊನೆಯ ಕಾಳಗ ಇದರ ಮೇಲೆಯೇ ನಿಂತಿದೆ.

ಬಲವಾದ ಶತ್ರುಗಳನ್ನು ಕೊಂದಷ್ಟೂ ಗೇಮ್ ಗುಟ್ಟಾಗಿ ಲೆಕ್ಕವಿಟ್ಟುಕೊಂಡು ಉಳಿದವರ ದರ್ಜೆಯನ್ನು ಏರಿಸುತ್ತದೆ. ಹಾಗಾಗಿ ದಾರಿಯಲ್ಲಿ ಕಂಡವರನ್ನೆಲ್ಲ ಕೆಣಕಬಾರದು. ಸಿಂಹಮುಖದ ದೈತ್ಯರಾದ ಲೈನೆಲ್‌ಗಳನ್ನು ಬಿಟ್ಟುಬಿಡಿ: ಕೆಂಪು ಲೈನೆಲ್‌ಗೇ 2000 ಜೀವಬಲವಿದೆ, ಐದರ ಆಯುಧದಿಂದ ಅದು ನಾನೂರು ಏಟು. ಆರಂಭದಲ್ಲಿ ಆಯುಧಗಳಿಗೆ ಎಂಟೇ ಸ್ಥಾನಗಳಿರುವುದರಿಂದ ಅಲ್ಲಲ್ಲಿ ಅಡಗಿರುವ ಕೊರಾಕ್ ಬೀಜಗಳನ್ನು ಕೂಡಿಸಿ ಹೆಸ್ಟು ಎಂಬ ಪಾತ್ರಕ್ಕೆ ಕೊಟ್ಟು ಆಯುಧದ ಚೀಲವನ್ನೇ ಮೊದಲು ಹಿಗ್ಗಿಸಿಕೊಳ್ಳಿ.

ಡಿವೈನ್ ಬೀಸ್ಟ್ ಎಂಬ ನಾಲ್ಕು ಬೃಹತ್ ಯಂತ್ರಮೃಗಗಳನ್ನು ಶತ್ರುವಿನ ಹಿಡಿತದಿಂದ ಬಿಡಿಸುವುದು ಕಡ್ಡಾಯವಲ್ಲ, ಆದರೂ ಬಿಡಿಸಿಯೇ ಮುಂದುವರಿಯಿರಿ. ಅವುಗಳೊಳಗಿನ ಬಾಸ್‌ಗಳಿಗೆ ಗೇಮ್ ತಾನೇ ಉಪಾಯಗಳನ್ನು ಇಟ್ಟಿದೆ: ವಾಟರ್‌ಬ್ಲೈಟ್ ಎಸೆಯುವ ಹಿಮಗಡ್ಡೆಗಳನ್ನು ಕ್ರಯೋನಿಸ್ ಎಂಬ ರೂನ್ ಒಡೆಯುತ್ತದೆ, ಫೈರ್‌ಬ್ಲೈಟ್ ಗಾಳಿಯನ್ನು ಒಳಗೆಳೆದುಕೊಳ್ಳುವಾಗ ಬಾಂಬ್ ಬಿಟ್ಟರೆ ಅದು ಕುಸಿಯುತ್ತದೆ, ಥಂಡರ್‌ಬ್ಲೈಟ್ ನೆಡುವ ಲೋಹದ ಕಂಬವನ್ನು ಮ್ಯಾಗ್ನೆಸಿಸ್‌ನಿಂದ ಅದರ ಬಳಿಗೇ ಒಯ್ದರೆ ಅದರ ಮಿಂಚು ಅದಕ್ಕೇ ಹೊಡೆಯುತ್ತದೆ. ನಾಲ್ಕನ್ನೂ ಬಿಡಿಸಿದವರಿಗೆ ಕೊನೆಯ ಶತ್ರುವಾದ ಕ್ಯಾಲಮಿಟಿ ಗ್ಯಾನನ್‌ನ 8000 ಜೀವಬಲದಲ್ಲಿ ಅರ್ಧ ಆರಂಭದಲ್ಲೇ ಕಳೆಯುತ್ತದೆ. ಮುಂದೆ ಅವನು ಮೈಗೆ ಕವಚ ಹೊದ್ದಾಗ ಸಾಮಾನ್ಯ ಏಟು ಎಷ್ಟೇ ಬಲವಾದದ್ದಾದರೂ ತಾಗುವುದಿಲ್ಲ. ಕಿರಣವನ್ನು ಗುರಾಣಿಯಿಂದ ಮರಳಿಸಬೇಕು, ಅಥವಾ ಕೊನೆಯ ಕ್ಷಣದಲ್ಲಿ ತಪ್ಪಿಸಿಕೊಂಡು ಫ್ಲರಿ ರಷ್, ಅಂದರೆ ಸತತ ಏಟುಗಳ ಅವಕಾಶ ಪಡೆಯಬೇಕು. ಫ್ಲರಿ ರಷ್ ನಡುವೆ ಆಯುಧ ಮುರಿದರೆ ಅವಕಾಶ ವ್ಯರ್ಥವಾಗುವುದರಿಂದ ಆ ಹೊತ್ತಿಗೆ ಕೈಯಲ್ಲಿ ಹೊಸ ಆಯುಧವೇ ಇರಲಿ. ಅಂತಿಮ ಹಂತದಲ್ಲಿ ಜೆಲ್ಡಾ ಕೊಡುವ ಬೆಳಕಿನ ಬಿಲ್ಲಿಲ್ಲದೆ ಕಥೆ ಮುಗಿಯುವುದಿಲ್ಲ, ಆದ್ದರಿಂದ ಅದನ್ನು ನಿಯಮದ ಹೊರಗಿಡುವುದಾಗಿ ಆಟ ಆರಂಭಿಸುವ ದಿನವೇ ತೀರ್ಮಾನಿಸಿಕೊಳ್ಳಿ.