ಬ್ರಾಟ್‌ವುರ್ಸ್ಟ್: ಮೊದಲು ಕೆಂಡ, ಆಮೇಲೆ ಬಿಯರ್

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಷಿಗನ್ ಸರೋವರದ ದಂಡೆಯ ಶೆಬಾಯ್ಗನ್ ಊರಿನವರಿಗೆ ಬ್ರಾಟ್‌ವುರ್ಸ್ಟ್ ಅಂದರೆ ಊರಹಬ್ಬದ ಊಟ. 19ನೇ ಶತಮಾನದಲ್ಲಿ ಬಂದು ನೆಲೆಸಿದ ಜರ್ಮನ್ನರು ತಂದ ಈ ಹಂದಿಮಾಂಸದ ಸಾಸೇಜಿಗಾಗಿ 1953ರಲ್ಲಿ ಅಲ್ಲಿ ಒಂದು ಉತ್ಸವವೇ ಶುರುವಾಯಿತು. ಜನರ ಬಾಯಲ್ಲಿ ಅದು ಬರೀ ‘ಬ್ರಾಟ್’. ಹಿತ್ತಲಲ್ಲಿ ಕೆಂಡದ ಮೇಲೆ ಸುಡುವುದನ್ನು ‘ಬ್ರಾಟ್ ಫ್ರೈ’ ಎನ್ನುತ್ತಾರೆ. ಎಣ್ಣೆ, ಬಾಣಲೆ ಯಾವುದೂ ಇರುವುದಿಲ್ಲ.

ಮೊದಲು ಬಿಯರ್‌ನಲ್ಲಿ ಬೇಯಿಸಿ ಆಮೇಲೆ ಸುಡಬೇಕೋ, ಸುಟ್ಟು ಬಿಯರ್‌ಗೆ ಇಳಿಸಬೇಕೋ ಎಂಬ ವಾದ ವಿಸ್ಕಾನ್ಸಿನ್‌ನಲ್ಲಿ ಇನ್ನೂ ಮುಗಿದಿಲ್ಲ. ನಲವತ್ತು ಜನಕ್ಕೆ ಮಾಡುವಾಗ ಮೊದಲೇ ಬೇಯಿಸಿಟ್ಟರೆ ಒಳಗೆ ಹಸಿ ಉಳಿಯುವ ಭಯವಿಲ್ಲ, ನಿಜ. ಆದರೆ ಹತ್ತು ಜನರ ಅಡುಗೆಗೆ ಶೆಬಾಯ್ಗನ್ ಕ್ರಮವೇ ಸರಿ: ಹಸಿ ಬ್ರಾಟ್ ನೇರ ಕೆಂಡಕ್ಕೆ. ಬೇಯಿಸಿದರೆ ಕೊಬ್ಬು, ಜಾಯಿಕಾಯಿ, ಮೆಣಸಿನ ಘಮದಲ್ಲಿ ಒಂದು ಪಾಲು ಬಿಯರ್ ಪಾಲಾಗುತ್ತದೆ. ಕೆಂಡಕ್ಕೆ ಹಾಕಿದರೆ ಅದರಲ್ಲಿ ಹೆಚ್ಚಿನದು ಸಾಸೇಜಿನ ಹೊರಪೊರೆಯೊಳಗೇ ಉಳಿಯುತ್ತದೆ.

ಹತ್ತು ಬ್ರಾಟ್‌ಗೆ

ತಲಾ ಸುಮಾರು 110 ಗ್ರಾಂ ತೂಗುವ ಹಸಿ ಬ್ರಾಟ್ 10, 355 ಮಿಲಿಲೀಟರಿನ ಬಿಯರ್ ಕ್ಯಾನ್ 3, ಉದ್ದಕ್ಕೆ ಹೆಚ್ಚಿದ ದೊಡ್ಡ ಈರುಳ್ಳಿ 2, ಬೆಣ್ಣೆ 60 ಗ್ರಾಂ, ಕಾಳುಮೆಣಸು ಒಂದು ಚಮಚ. ಉಪ್ಪು ಬೇಡ, ಸಾಸೇಜಿನಲ್ಲೇ ಸಾಕಷ್ಟಿರುತ್ತದೆ. ಪ್ಯಾಕೆಟ್ ಮೇಲೆ ‘ಮೊದಲೇ ಬೇಯಿಸಿದ್ದು’ ಎಂದಿದ್ದರೆ ಅದು ಬೇರೆ ಪದಾರ್ಥ, ಬಿಸಿಯಾದರೆ ಸಾಕು; ಇಲ್ಲಿನ ಲೆಕ್ಕ ಅದಕ್ಕಲ್ಲ.

ಬಿಯರ್ ಆರಿಸುವಾಗ ಒಂದೇ ಎಚ್ಚರ. ಲಾಗರ್, ಪಿಲ್ಸ್‌ನರ್‌ನಂಥ ಹಗುರದ್ದು ತನ್ನಿ. ಐಪಿಎಯಂಥ (ಇಂಡಿಯಾ ಪೇಲ್ ಏಲ್), ಕಹಿ ಕೊಡುವ ಹಾಪ್ಸ್ ಹೂವು ಜಾಸ್ತಿಯಿರುವ ಬಿಯರ್ ಕಾದು ಇಂಗಿದಷ್ಟೂ ಕಹಿ ಏರುತ್ತದೆ, ಈರುಳ್ಳಿಯೂ ಕಹಿಯಾಗುತ್ತದೆ.

ಬ್ರಾಟ್ ಫ್ರೀಜರ್‌ನಲ್ಲಿದ್ದರೆ ಹಿಂದಿನ ರಾತ್ರಿಯೇ ಫ್ರಿಜ್‌ಗೆ ಇಳಿಸಿ. ನಡುವೆ ಗಟ್ಟಿ ಉಳಿದದ್ದನ್ನು ಸುಟ್ಟರೆ ಹೊರಗೆ ಇದ್ದಿಲು, ಒಳಗೆ ಹಸಿ. ಸುಡುವ ಮುನ್ನ ಪೇಪರ್ ಟವೆಲ್‌ನಿಂದ ಒತ್ತಿ ಒರೆಸಿ. ಪೊರೆಯ ಮೇಲೆ ನೀರಿರುವ ತನಕ ಅಲ್ಲಿನ ಬಿಸಿ 100 ಡಿಗ್ರಿ ದಾಟುವುದಿಲ್ಲ, ದಾಟದೆ ಹೊಂಬಣ್ಣ ಬರುವುದಿಲ್ಲ.

ಕೆಂಡ

ಇದ್ದಿಲನ್ನು ಚಿಮಣಿಯಲ್ಲಿ (ಇದ್ದಿಲು ಹೊತ್ತಿಸಲೆಂದೇ ಇರುವ ತಗಡಿನ ಕೊಳವೆ) ಹೊತ್ತಿಸಿ. ಹೊತ್ತಿಸುವ ದ್ರವ ಸುರಿದರೆ ಅದರ ವಾಸನೆ ಸಾಸೇಜಿಗೆ ಹತ್ತುತ್ತದೆ. 20-25 ನಿಮಿಷದಲ್ಲಿ ಮೇಲಿನ ಇದ್ದಿಲಿಗೂ ಬಿಳಿ ಬೂದಿ ಕವಿಯುತ್ತದೆ. ಆಗ ಗ್ರಿಲ್‌ನ ಮೂರನೇ ಎರಡು ಭಾಗಕ್ಕೆ ಹರಡಿ, ಉಳಿದ ಭಾಗವನ್ನು ಖಾಲಿ ಬಿಡಿ. ಅಡುಗೆಯೆಲ್ಲ ಕೈಕೊಡುವುದು ಈ ಖಾಲಿ ಜಾಗ ಇಲ್ಲದಾಗಲೇ. ಉರಿ ಎದ್ದಾಗ ಬ್ರಾಟ್ ಸರಿಸಲು, ಕೊನೆಗೆ ಬಿಯರ್ ಟ್ರೇ ಇಡಲು ಅದು ಬೇಕೇ ಬೇಕು.

ಜಾಲರಿಯಿಂದ ಅರ್ಧ ಗೇಣಿಗಿಂತ ಸ್ವಲ್ಪ ಹೆಚ್ಚು ಎತ್ತರದಲ್ಲಿ ಅಂಗೈ ಹಿಡಿಯಿರಿ. 5-6 ಸೆಕೆಂಡ್ ತಾಳಿಕೊಳ್ಳಲು ಆದರೆ ಹದ. ಎರಡೇ ಸೆಕೆಂಡಿಗೆ ಕೈ ತೆಗೆಯಬೇಕೆನಿಸಿದರೆ ಕಾಯಿರಿ. ಗ್ಯಾಸ್ ಗ್ರಿಲ್ ಆದರೆ ಒಂದು ಬರ್ನರ್ ಮಧ್ಯಮದಲ್ಲಿ, ಪಕ್ಕದ್ದು ಆಫ್.

ಗ್ಯಾರೇಜಿನೊಳಗೆ ಇದ್ದಿಲು ಹೊತ್ತಿಸಲೇಬೇಡಿ: ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಜೀವ ತೆಗೆಯುತ್ತದೆ. ಅಮೆರಿಕದ ಅಪಾರ್ಟ್‌ಮೆಂಟಿನಲ್ಲಿರುವವರು ಬಾಲ್ಕನಿಯ ನಿಯಮವನ್ನು ಮೊದಲೇ ಕೇಳಿಕೊಳ್ಳಿ.

ಸುಡುವುದು

ಬ್ರಾಟ್‌ಗಳನ್ನು ಕೆಂಡದ ಮೇಲೆ ಒಂದಕ್ಕೊಂದು ತಾಗದಂತೆ ಜೋಡಿಸಿ. ತಿರುಗಿಸುವುದು ಇಕ್ಕಳದಿಂದ. ಫೋರ್ಕ್ ಚುಚ್ಚಿದರೆ ಆ ತೂತಿನಿಂದ ಕರಗಿದ ಕೊಬ್ಬು ಕೆಂಡಕ್ಕೆ ಸುರಿಯುತ್ತದೆ. ರಸ ಹೋಯಿತು, ಮೇಲಿಂದ ಉರಿಯೂ ಎದ್ದಿತು.

ಎರಡು ನಿಮಿಷಕ್ಕೊಮ್ಮೆ ಕಾಲು ಸುತ್ತು ತಿರುಗಿಸುತ್ತಿರಿ. ಒಟ್ಟು 20-25 ನಿಮಿಷ ಬೇಕು. ಮೊದಲ ಐದು ನಿಮಿಷ ಬ್ರಾಟ್ ಬಿಳಿಚಿಕೊಂಡೇ ಇರುತ್ತದೆ, ಗಾಬರಿ ಬೇಡ. ಆಮೇಲೆ ಪೊರೆ ಬಿಗಿಯುತ್ತದೆ, ಕೊಬ್ಬು ಬೆವರಿನಂತೆ ಮೇಲೆ ಮೂಡುತ್ತದೆ, ಸಣ್ಣಗೆ ಚಿಟಪಟ ಕೇಳುತ್ತದೆ. ಈ ಹೊತ್ತಿನಲ್ಲಿ ಗ್ರಿಲ್ ಬಿಟ್ಟು ಕದಲಬಾರದು. ಉರಿ ಜೋರಾದರೆ ಒಳಗಿನ ನೀರು ಆವಿಯಾಗಿ ಉಬ್ಬುತ್ತದೆ, ಹೊರಗಿನ ಪೊರೆ ಕುಗ್ಗುತ್ತಿರುತ್ತದೆ. ಎರಡೂ ಸೇರಿ ಬ್ರಾಟ್ ಉದ್ದಕ್ಕೆ ಸೀಳುತ್ತದೆ. ತುದಿಯಲ್ಲಿ ಉಬ್ಬು ಕಂಡ ಕೂಡಲೇ ಅದನ್ನು ಖಾಲಿ ಭಾಗಕ್ಕೆ ಎಳೆದುಕೊಳ್ಳಿ.

ಕೊಬ್ಬು ಬಿದ್ದು ಜ್ವಾಲೆ ಎದ್ದರೆ ಮೇಲೆ ಬಿಯರ್ ಎರಚುವವರಿದ್ದಾರೆ. ಅದರಿಂದ ಬೂದಿ ಹಾರಿ ಸಾಸೇಜಿಗೆ ಅಂಟುತ್ತದೆ, ಅಷ್ಟೇ. ಬ್ರಾಟ್ ಪಕ್ಕಕ್ಕೆ ಸರಿಸಿ ಮುಚ್ಚಳ ಹಾಕಿ, ಗಾಳಿಕಂಡಿ ಅರ್ಧ ಮುಚ್ಚಿ. ಗಾಳಿ ಸಿಗದೆ ಜ್ವಾಲೆ ತಾನೇ ಇಳಿಯುತ್ತದೆ.

ಬೆಂದಿದೆಯೇ ಎಂದು ಬಣ್ಣ ನೋಡಿ ಹೇಳಲಾಗದು. ಥರ್ಮಾಮೀಟರನ್ನು ಬ್ರಾಟ್‌ನ ತುದಿಯಿಂದ ಉದ್ದಕ್ಕೆ ನಡುವಿನವರೆಗೆ ತೂರಿಸಿ. ಹಂದಿಮಾಂಸಕ್ಕೆ 71 ಡಿಗ್ರಿ ಸೆಲ್ಸಿಯಸ್, ಚಿಕನ್ ಬ್ರಾಟ್‌ಗೆ 74. ಇದೂ ಒಂದು ತೂತೇ, ಆದ್ದರಿಂದ ಕೊನೆಯಲ್ಲಿ, ಒಂದೆರಡಕ್ಕೆ ಮಾತ್ರ.

ಬಿಯರ್ ತೊಟ್ಟಿ

ಬ್ರಾಟ್ ಅರ್ಧ ಸುಟ್ಟಿರುವಾಗಲೇ ಅಡುಗೆಮನೆಯ ಒಲೆಯಲ್ಲಿ ಬೆಣ್ಣೆ ಕರಗಿಸಿ, ಈರುಳ್ಳಿ ಮೆತ್ತಗಾಗುವಷ್ಟು ಬಾಡಿಸಿ, ಕಾಳುಮೆಣಸು ಹಾಕಿ ಬಿಯರ್ ಸುರಿಯಿರಿ. ನಿಧಾನ ಸುರಿಯಬೇಕು, ನೊರೆ ಉಕ್ಕುತ್ತದೆ. ಒಂದು ಕುದಿ ಬಂದ ಮೇಲೆ ದಪ್ಪ ಅಲ್ಯೂಮಿನಿಯಂ ಟ್ರೇಗೆ ಸುರಿದು ಗ್ರಿಲ್‌ನ ಖಾಲಿ ಭಾಗದಲ್ಲಿಡಿ. ಸುಟ್ಟ ಬ್ರಾಟ್ ಒಂದೊಂದಾಗಿ ಅದರೊಳಗೆ.

ಟ್ರೇ ಕುದಿಯಕೂಡದು. ಅಂಚಿನಲ್ಲಿ ಆಗೊಂದು ಈಗೊಂದು ಗುಳ್ಳೆ ಎದ್ದರೆ ಸಾಕು. ಕೊತಕೊತ ಕುದಿಸಿದರೆ ಕೊಬ್ಬೆಲ್ಲ ಹೊರಬಂದು ಮಾಂಸ ಮರಳಿನಂತಾಗುತ್ತದೆ. ಹತ್ತು ನಿಮಿಷಕ್ಕೆ ರುಚಿ ಹಿಡಿಯುತ್ತದೆ. ತಡವಾಗಿ ಬರುವ ನೆಂಟರಿಗಾಗಿ ಒಂದು ಗಂಟೆ ಇಡಬಹುದು, 60 ಡಿಗ್ರಿಗಿಂತ ಕೆಳಗೆ ಇಳಿಯದಂತೆ ನೋಡಿಕೊಂಡರೆ. ಒಂದು ಗಂಟೆ ಮೀರಿದರೆ ಗರಿಗರಿ ಪೊರೆ ರಬ್ಬರಾಗುತ್ತದೆ.

ಆಲ್ಕೋಹಾಲ್ ಪೂರ್ತಿ ಆರಿಹೋಗುತ್ತದೆ ಎಂಬ ಮಾತು ನಂಬಬೇಡಿ. ಮಕ್ಕಳಿಗೂ ಬಿಯರ್ ಮುಟ್ಟದವರಿಗೂ ಕೆಂಡದಿಂದ ನೇರ ಬಡಿಸಿ. ಬ್ರಾಟ್‌ನ ರುಚಿಗೇನೂ ಕೊರತೆಯಿಲ್ಲ. ಊಟದಲ್ಲಿ ಸಸ್ಯಾಹಾರಿಗಳಿದ್ದರೆ ಅವರ ಜೋಳ, ದೊಣ್ಣೆಮೆಣಸಿನಕಾಯಿಗೆ ಜಾಲರಿ, ಇಕ್ಕಳ ಎರಡೂ ಬೇರೆ ಇಡಿ, ಮತ್ತು ಅವನ್ನೇ ಮೊದಲು ಸುಡಿ.

ಬಡಿಸುವುದು

ಹಾಟ್‌ಡಾಗ್‌ನ ಮೆತ್ತನೆ ಬನ್ ರಸಕ್ಕೆ ನೆನೆದು ಕೈಯಲ್ಲೇ ಕಳಚಿಕೊಳ್ಳುತ್ತದೆ. ಶೆಬಾಯ್ಗನ್‌ನಲ್ಲಿ ಬಳಸುವುದು ದುಂಡಗಿನ ‘ಹಾರ್ಡ್ ರೋಲ್’, ಹೊರಗೆ ಗಟ್ಟಿ, ಒಳಗೆ ಮೆದು. ಒಂದರೊಳಗೆ ಎರಡು ಬ್ರಾಟ್ ಇಟ್ಟರೆ ‘ಡಬಲ್’. ಮೇಲೆ ಕಂದು ಮಸ್ಟರ್ಡ್, ಉಪ್ಪಿನಲ್ಲಿ ಹಾಕಿದ ಸೌತೆಕಾಯಿಯ ಬಿಲ್ಲೆ, ಈರುಳ್ಳಿ. ಟ್ರೇಯ ಈರುಳ್ಳಿಯನ್ನು ಹಾಗೇ ಹಾಕಿದರೆ ನೀರುನೀರು. ಸೋಸಿ ತೆಗೆದು ಕಬ್ಬಿಣದ ಬಾಣಲೆಯಲ್ಲಿ, ಉಳಿದ ಕೆಂಡದ ಮೇಲೆ ಹತ್ತು ನಿಮಿಷ ಕೈಯಾಡಿಸಿ. ಅಂಚು ಕಂದಾಗಿ ಬಾಣಲೆಗೆ ಅಂಟತೊಡಗಿದಾಗ ಇಳಿಸಿ.