ಲಂಡನ್–ಟೋಕಿಯೊ: ದೂರವನ್ನೂ ಸಮಯವನ್ನೂ ನಾನು ಲೆಕ್ಕ ಹಾಕಿದ ಬಗೆ

ಲಂಡನ್ನಿನಿಂದ ಟೋಕಿಯೊಗೆ ಹೋಗಬೇಕಾಗಿ ಬಂದಾಗ, ಟಿಕೆಟ್ ಕೊಳ್ಳುವ ಮೊದಲೇ ದೂರವನ್ನೂ ಪ್ರಯಾಣದ ಸಮಯವನ್ನೂ ನಾನೇ ಲೆಕ್ಕ ಹಾಕಿ ನೋಡಬೇಕೆನಿಸಿತು. ಗುಂಡಗಿನ ಭೂಮಿಯನ್ನು ಚಪ್ಪಟೆಯಾಗಿ ಹರಡಿ ತೋರಿಸುವ ಮರ್ಕೇಟರ್ ಭೂಪಟದ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆದೆ. ಅದು ಕ್ಯಾಸ್ಪಿಯನ್ ಸಮುದ್ರದ ಉತ್ತರದಂಚನ್ನು ಬಳಸಿ, ಉತ್ತರ ಚೀನಾವನ್ನು ಹಾದು ಟೋಕಿಯೊ ಮುಟ್ಟಿತು. ಆ ಗೆರೆಯ ಉದ್ದ ಸುಮಾರು 11,300 ಕಿ.ಮೀ. ಆಗುತ್ತದೆ, ಆದರೆ ಅದು ಹತ್ತಿರದ ದಾರಿಯಲ್ಲ.

ಹತ್ತಿರದ ದಾರಿ ಕಣ್ಣಿಗೆ ಬಿದ್ದದ್ದು 30 ಸೆಂ.ಮೀ. ವ್ಯಾಸದ ಗ್ಲೋಬಿನ ಮೇಲೆ. ಹೊಲಿಗೆ ದಾರದ ಒಂದು ತುದಿಯನ್ನು ಲಂಡನ್ನಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಟೋಕಿಯೊದತ್ತ ಬಿಗಿಯಾಗಿ ಎಳೆದಾಗ, ದಾರ ತಾನಾಗಿಯೇ ಮೇಲಕ್ಕೆ ಸರಿದು ಓಸ್ಲೋ ಸಮೀಪದಿಂದ ಹಾದು, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಸೈಬೀರಿಯಾದ ಮೇಲಿಂದ ಜಪಾನಿಗೆ ಇಳಿಯಿತು. ದಾರದ ಉದ್ದ 22.6 ಸೆಂ.ಮೀ. ಬಂತು. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ., ಆ ಗ್ಲೋಬಿನದು ಸುಮಾರು 94 ಸೆಂ.ಮೀ.; ಅಂದರೆ ಒಂದು ಸೆಂ.ಮೀ.ಗೆ 425 ಕಿ.ಮೀ. ಗುಣಿಸಿದರೆ 9,600 ಕಿ.ಮೀ. ಅಕ್ಷಾಂಶ, ರೇಖಾಂಶಗಳನ್ನು ಹಿಡಿದು, ಗೋಳದ ಮೇಲಿನ ಎರಡು ಜಾಗಗಳ ನಡುವಿನ ಅತಿ ಹತ್ತಿರದ ದೂರವನ್ನು ಕೊಡುವ ಮಹಾವೃತ್ತದ ಸೂತ್ರದಿಂದ ಲೆಕ್ಕ ಹಾಕಿದಾಗಲೂ 9,590 ಕಿ.ಮೀ. ಸಿಕ್ಕಿದ್ದರಿಂದ ದಾರದ ಮೇಲೆ ನನಗೆ ಭರವಸೆ ಮೂಡಿತು.

ಸಮಯದ ಲೆಕ್ಕ ಇಷ್ಟು ಸಲೀಸಲ್ಲ. ಎತ್ತರದಲ್ಲಿ ಹಾರುವ ದೊಡ್ಡ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಎಂದು ಹಿಡಿದರೆ 10 ಗಂಟೆ 40 ನಿಮಿಷ ಬರುತ್ತದೆ. ಏರುವಾಗ, ಇಳಿಯುವಾಗ ವೇಗ ಕಡಿಮೆಯಿರುವುದರಿಂದ ಅರ್ಧ ಗಂಟೆಗೂ ಹೆಚ್ಚು ಸೇರಿಸಬೇಕು. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹ ಹೋಗುವಾಗ ನೆರವಾಗುತ್ತದೆ, ಬರುವಾಗ ಎದುರಾಗುತ್ತದೆ. ಆದರೆ ನನ್ನ ಲೆಕ್ಕವನ್ನು ನಿಜವಾಗಿ ತಲೆಕೆಳಗು ಮಾಡಿದ್ದು ಗಾಳಿಯಲ್ಲ. 2022ರ ಫೆಬ್ರವರಿಯಿಂದ ಬ್ರಿಟನ್ನಿನ ವಿಮಾನಗಳಿಗೆ ರಷ್ಯಾದ ವಾಯುಪ್ರದೇಶ ಮುಚ್ಚಿದೆ. ದಾರ ತೋರಿದ ಆ ಚೆಂದದ ಹಾದಿಯ ಬಹುಭಾಗ ಅಲ್ಲೇ ಬರುತ್ತದೆ. ಹಾಗಾಗಿ ವಿಮಾನಗಳು ದಕ್ಷಿಣದಲ್ಲಿ ಮಧ್ಯ ಏಷ್ಯಾದ ಮೂಲಕವೋ, ಉತ್ತರದಲ್ಲಿ ಅಲಾಸ್ಕಾದ ಕಡೆಯಿಂದಲೋ ಸುತ್ತಿ ಹೋಗಬೇಕಾಗಿದ್ದು, ಸುಮಾರು 14 ಗಂಟೆ ತೆಗೆದುಕೊಳ್ಳುತ್ತವೆ. ದೂರವೊಂದನ್ನೇ ನೋಡಿ ಸಮಯ ಹೇಳುವುದು ಸರಿಯಲ್ಲವೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಟಿಕೆಟ್ ಓದುವಾಗಲೂ ಒಮ್ಮೆ ಎಡವಿದೆ. ಬೇಸಿಗೆಯ ಆ ಟಿಕೆಟ್ಟಿನಲ್ಲಿ ಹೊರಡುವುದು ಮಧ್ಯಾಹ್ನ 12ಕ್ಕೆ, ತಲುಪುವುದು ಮರುದಿನ ಬೆಳಿಗ್ಗೆ 10ಕ್ಕೆ ಎಂದಿತ್ತು. 22 ಗಂಟೆಗಳಲ್ಲಿ ಎರಡೂ ಊರುಗಳ ಗಡಿಯಾರದ ವ್ಯತ್ಯಾಸವೆಂದು 9 ಕಳೆದು 13 ಎಂದು ಬರೆದುಕೊಂಡೆ. ಆದರೆ ಟೋಕಿಯೊ ಲಂಡನ್ನಿಗಿಂತ 9 ಗಂಟೆ ಮುಂದಿರುವುದು ಚಳಿಗಾಲದಲ್ಲಿ ಮಾತ್ರ. ಬೇಸಿಗೆಯಲ್ಲಿ ಬ್ರಿಟನ್ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಜಪಾನ್ ಹಾಗೆ ಮಾಡುವುದಿಲ್ಲ. ಕಳೆಯಬೇಕಾದದ್ದು 8, ಉತ್ತರ 14. ಈಗ ನಾನು ಎರಡೂ ಊರುಗಳ ಸಮಯವನ್ನು ಮೊದಲು ಯುಟಿಸಿಗೆ (ಎಲ್ಲ ದೇಶಗಳ ಗಡಿಯಾರಗಳಿಗೂ ಆಧಾರವಾದ ಜಾಗತಿಕ ಸಮಯಕ್ಕೆ) ತಿರುಗಿಸಿ, ಹೊರಡುವ ಹೊತ್ತು 11, ತಲುಪುವ ಹೊತ್ತು ಮರುದಿನ ನಸುಕಿನ 1 ಎಂದು ಟಿಕೆಟ್ಟಿನ ಅಂಚಿನಲ್ಲಿಯೇ ಬರೆದು, ಆಮೇಲೆ ಕಳೆಯುತ್ತೇನೆ.